ಅಲೈನ್‌ಮೆಂಟ್ ಮಾಡಿಸಿದರೂ ಕಾರು ಎಡಕ್ಕೇ ಎಳೆಯುತ್ತಿದೆ, ಏನು ಕಾರಣ?

ಪ್ರಶ್ನೆ, ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಕೊಪ್ಪಳ ಮತ್ತು ಬಳ್ಳಾರಿಯ ನಡುವೆ ಆಗಾಗ ಓಡಾಡುವ ನನ್ನ ಸಣ್ಣ ಕಾರು, ವೇಗ 60 ಕಿಲೋಮೀಟರ್ ದಾಟಿತೆಂದರೆ ಎಡಕ್ಕೆ ಎಳೆಯುತ್ತದೆ. ಸ್ಟೀರಿಂಗನ್ನು ಸದಾ ಬಲಕ್ಕೆ ಒತ್ತಿ ಹಿಡಿದಿರಬೇಕಾದ್ದರಿಂದ ಹೊಸಪೇಟೆ ಮುಟ್ಟುವಷ್ಟರಲ್ಲಿ ಭುಜ ಸೋತುಹೋಗುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಚೀಟಿಯಲ್ಲಿ ಎಲ್ಲವೂ ಸರಿಯಿದೆ ಎಂದಿದೆ, ಎಳೆತ ಮಾತ್ರ ನಿಂತಿಲ್ಲ. ತೋರಣಗಲ್ಲಿನ ಆಸುಪಾಸಿನಲ್ಲಿ ಅದಿರಿನ ಲಾರಿಗಳ ನಡುವೆ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಈಗ ಅಂಜಿಕೆಯಾಗುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಗಂಗಾವತಿಯಿಂದ:
ಮೊದಲು ಗಾಳಿ ನೋಡಿ. ಗಾಳಿ ಕಡಿಮೆಯಿರುವ ಟೈರಿನ ಕಡೆಗೇ ಕಾರು ವಾಲುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಓಡಿ ಬಂದ ಟೈರು ಕಾದು ಒತ್ತಡ ಏರಿರುತ್ತದೆಯಾದ್ದರಿಂದ, ಬೆಳಿಗ್ಗೆ ಗಾಡಿ ತೆಗೆಯುವ ಮುನ್ನವೇ ಅಳೆಸಿ, ಚಾಲಕನ ಬಾಗಿಲ ಪಕ್ಕದ ಪಟ್ಟಿಯಲ್ಲಿ ಬರೆದಷ್ಟನ್ನೇ ಹಾಕಿಸಿ. ಇನ್ನೊಂದು ಮಾತು: ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಎಡ ಅಂಚಿಗೆ ತುಸು ಇಳಿಜಾರಾಗಿ ಕಟ್ಟಿರುತ್ತಾರೆ; ಅದರಿಂದ ಸ್ವಲ್ಪ ಎಡಕ್ಕೆ ಸರಿಯುವುದು ದೋಷವಲ್ಲ. ಆದರೆ ಭುಜ ಸೋಲುವಷ್ಟು ಎಳೆತಕ್ಕೆ ರಸ್ತೆಯೊಂದೇ ಕಾರಣವಾಗಲಾರದು.

ಉತ್ತರ, ಬಳ್ಳಾರಿಯಿಂದ:
ಗ್ಯಾರೇಜಿನ ಕೆಲಸದವನಾಗಿ ಹೇಳುತ್ತೇನೆ, ಮತ್ತೊಮ್ಮೆ ಅಲೈನ್‌ಮೆಂಟಿಗೆ ಹಣ ಕೊಡುವ ಮೊದಲು ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿಸಿ ಓಡಿಸಿ ನೋಡಿ. ಎಳೆತ ಬಲಕ್ಕೆ ತಿರುಗಿದರೆ ಅಥವಾ ನಿಂತರೆ ತಪ್ಪು ಟೈರಿನದು. ಒಳಗಿನ ಪದರ ಓರೆಯಾಗಿ ಕೂತ ರೇಡಿಯಲ್ ಟೈರು ಹೊಸದಾಗಿದ್ದರೂ ಹೀಗೆ ಎಳೆಯುತ್ತದೆ, ಅದನ್ನು ಯಾವ ಅಲೈನ್‌ಮೆಂಟ್ ಯಂತ್ರವೂ ತೋರಿಸುವುದಿಲ್ಲ. ಬದಲಿಸಿದ ಮೇಲೂ ಎಡಕ್ಕೇ ಎಳೆದರೆ, ಬ್ರೇಕನ್ನು ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಮುಟ್ಟದೆ ಎರಡೂ ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಎಡಗಡೆಯದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಜಾಮ್ ಆಗಿದೆ ಎಂದರ್ಥ. ಧೂಳಿಗೂ ತುಕ್ಕಿಗೂ ಕ್ಯಾಲಿಪರಿನ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗದ) ಪಿನ್ನುಗಳು ಹಿಡಿದುಕೊಳ್ಳುತ್ತವೆ. ಇದನ್ನು ಮುಂದೂಡಬೇಡಿ.

ಅಲೈನ್‌ಮೆಂಟ್ ಚೀಟಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಅಂಕಿಯನ್ನಷ್ಟೇ ನೋಡಿ ಸರಿಯೆನ್ನುವವರು ಬಹಳ. ಮುಂದಿನ ಚಕ್ರಗಳ ಟೋ ಕೆಟ್ಟರೆ ಟೈರು ಸವೆಯುತ್ತದೆ, ಸ್ಟೀರಿಂಗ್ ಓರೆಯಾಗುತ್ತದೆ. ಆದರೆ ಗಾಡಿಯನ್ನು ಒಂದೇ ಕಡೆಗೆ ಎಳೆಯುವುದು ಹೆಚ್ಚಾಗಿ ಎಡಬಲಗಳ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲುವಿಕೆ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲುವಿಕೆ) ಇವುಗಳ ವ್ಯತ್ಯಾಸ. ಕ್ಯಾಸ್ಟರ್ ಕಡಿಮೆಯಿರುವ ಕಡೆಗೆ ಗಾಡಿ ಹೋಗುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಅದನ್ನು ತಿರುಗಿಸಿ ಹೊಂದಿಸಲು ಬರುವುದಿಲ್ಲ. ಹಾಗಾಗಿ ಗುಂಡಿಗೆ ಬಿದ್ದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಬಾಗಿದೆಯೋ, ಅದರ ಕೀಲಿನ ರಬ್ಬರ್ ಬುಷ್ ಹರಿದಿದೆಯೋ ಎಂದು ಗಾಡಿ ಎತ್ತಿ ನೋಡಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ನನ್ನ ಟೈರುಗಳ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದೆ. ಆದರೂ ಎಡಬಲ ಬದಲಿಸಬಹುದೇ?

ಉತ್ತರ, ಬಳ್ಳಾರಿಯಿಂದ:
ಹಾಗೆ ಬದಲಿಸಬೇಡಿ, ಬಾಣ ತಿರುವುಮುರುವಾಗುತ್ತದೆ. ಎಡ ಮುಂದಿನದನ್ನು ಎಡ ಹಿಂದಕ್ಕೂ, ಬಲ ಮುಂದಿನದನ್ನು ಬಲ ಹಿಂದಕ್ಕೂ ಹಾಕಿಸಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ಕಡಿಮೆಯಾದರೆ ಹಿಂದಕ್ಕೆ ಹೋದ ಟೈರುಗಳಲ್ಲೇ ದೋಷವಿದೆ. ಆಗದಿದ್ದರೆ ಚೀಟಿಯ ಕ್ಯಾಂಬರ್, ಕ್ಯಾಸ್ಟರ್ ಅಂಕಿಗಳನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.