ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಏನು ಮಾಡೋದು?

ಪ್ರಶ್ನೆ: ಅಣ್ಣ, ಕೋಲಾರದಲ್ಲಿ ನಮ್ಮ ಮಾವನವರು ಕಟ್ಟಿಸಿದ ಹಳೇ ಮನೆ. ಒಂದು ವಾರದಿಂದ ಗೀಸರ್ ಹಾಕಿ ಬಚ್ಚಲ ನಲ್ಲಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗಲ್ಲ. "ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನಾಗಿ ಬೀಳೋ ಸ್ವಿಚ್) ಇದೆಯಲ್ಲ, ಹೆಚ್ಚುಕಮ್ಮಿ ಆದರೆ ಅದೇ ಬೀಳುತ್ತೆ" ಅಂತಾರೆ ನಮ್ಮ ಮನೆಯವರು. ಎರಡು ಮಕ್ಕಳು, ವಯಸ್ಸಾದ ಅತ್ತೆ ಇದ್ದಾರೆ. ನನಗೆ ಭಯ.

ಉತ್ತರ (ಎಲೆಕ್ಟ್ರಿಷಿಯನ್): ಅಕ್ಕ, ಈಗಲೇ ಗೀಸರ್ ಆಫ್ ಮಾಡಿ, ಆ ಲೈನಿನ ಎಂಸಿಬಿನೂ ಇಳಿಸಿ. ಉಳಿದದ್ದು ಆಮೇಲೆ ಓದಿ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಬಿಸಿ ಹೊರಗೆ ಹೋಗದೆ ಕಾಯಿಲ್ ಕಾದು ಕಾದು ಸೀಳು ಬಿಡುತ್ತದೆ, ಕರೆಂಟ್ ನೀರಿಗಿಳಿಯುತ್ತದೆ. ನಿಮ್ಮಲ್ಲೂ ಬಹುಶಃ ಅದೇ ಆಗಿರಬೇಕು. ಹಾಗೆ ಸೋರಿದ ಕರೆಂಟ್ ಹಸಿರು ಅರ್ಥ್ ತಂತಿ ಹಿಡಿದು ನೆಲಕ್ಕೆ ಹೋಗಬೇಕಿತ್ತು. ನಿಮ್ಮ ಬೆರಳಿಗೆ ಬರ್ತಿದೆ ಅಂದರೆ ಆ ದಾರಿ ಎಲ್ಲೋ ಕಟ್ ಆಗಿದೆ, ಇಲ್ಲವೇ ಆ ತಂತಿ ನೆಲ ಸೇರೋ ಅರ್ಥ್ ಗುಂಡಿ ಒಣಗಿದೆ.

ಎಂಸಿಬಿ ವಿಷಯ. ಅದು ತಂತಿ ಕಾಯುತ್ತದೆ, ಮನುಷ್ಯರನ್ನಲ್ಲ. ಲೆಕ್ಕ ನೋಡಿ: ಒಣಗಿದ ಗುಂಡಿಯ ತಡೆ 50 ಓಮ್ ಅಂದುಕೊಳ್ಳಿ. 230 ವೋಲ್ಟ್‌ಗೆ ಹರಿಯೋದು 4.6 ಆಂಪಿಯರ್. ನಿಮ್ಮ 16 ಆಂಪಿಯರ್ ಎಂಸಿಬಿ ಅಲುಗಾಡಲ್ಲ. ಎದೆ ಬಡಿತ ಕೆಡಿಸೋಕೆ ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು!

ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಅದರ ಮೇಲಿರುವ 'ಟಿ' ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಕೆಟ್ಟಿದೆ ಅಂತಲೇ ತಿಳಿಯಿರಿ.

ಪ್ರಶ್ನೆ (ಇನ್ನೊಬ್ಬರು, ಮುಳಬಾಗಿಲು): ನಮ್ಮಲ್ಲಿ ಆರ್‌ಸಿಸಿಬಿ ಹಾಕಿಸಿದೆವು ಸಾರ್, ದಿನಾ ಬೀಳ್ತಿತ್ತು. ಬಂದವರು ತೆಗೆದು ನೇರ ಕೊಟ್ಟು ಹೋದರು. ಅರ್ಥ್ ತಂತಿ ಸಿಗಲಿಲ್ಲ ಅಂತ ಸಾಕೆಟ್ಟಿನಲ್ಲೇ ಅರ್ಥ್ ಪಿನ್ನನ್ನು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಜೊತೆ ಸೇರಿಸಿದ್ದಾರೆ. ಪರವಾಗಿಲ್ಲವಾ?

ಉತ್ತರ: ಪರವಾಗಿಲ್ಲ ಅಂತ ಖಂಡಿತ ಅನ್ನೋಕಾಗಲ್ಲ. ನಮ್ಮ ಕಸುಬಿನವರೇ ಮಾಡೋ ಕೆಲಸ, ನಾಚಿಕೆ ಆಗುತ್ತದೆ. ಮೀಟರ್‌ನಿಂದ ಬರೋ ನ್ಯೂಟ್ರಲ್ ಒಮ್ಮೆ ಬಿಟ್ಟುಕೊಂಡರೆ ಫ್ರಿಜ್, ವಾಷಿಂಗ್ ಮೆಷಿನ್ ಮೈಯೆಲ್ಲ ಕರೆಂಟ್. ಇವತ್ತೇ ಬಿಡಿಸಿ. ಆರ್‌ಸಿಸಿಬಿ ಬೀಳ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಲೈನ್‌ಗಳನ್ನು ಒಂದೊಂದಾಗಿ ಹಾಕಿ ಹುಡುಕಬೇಕು. ಸಂಪ್ ಮೋಟಾರ್ ಮೊದಲು ನೋಡಿ.

ಪ್ರಶ್ನೆ (ಕೋಲಾರದವರು): ಅಣ್ಣ, ಅರ್ಥ್ ಸರಿ ಮಾಡಿಸೋವರೆಗೂ ಬಕೆಟ್‌ಗೆ ಹಾಕೋ ಹೀಟರ್ ಬಳಸಬಹುದಾ?

ಉತ್ತರ: ಬೇಡ ಅಕ್ಕ. ಅರ್ಥ್ ಸರಿ ಇಲ್ಲದ ಮನೆಯಲ್ಲಿ ಅದು ಗೀಸರ್‌ಗಿಂತ ಕೆಟ್ಟದ್ದು. ನೀರು ಕಾದಿದೆಯಾ ಅಂತ ಮಕ್ಕಳು ಕೈ ಅದ್ದುತ್ತಾರೆ. ಗ್ಯಾಸ್ ಮೇಲೆ ಕಾಯಿಸಿ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದೆರಡು ಬಿಂದಿಗೆ ನೀರು ಸುರಿಯಿರಿ. ಎಲ್ಲಿದೆ ಗೊತ್ತಾ?

ಪ್ರಶ್ನೆ: ಅತ್ತೆಯನ್ನು ಕೇಳಿದೆ. ಹಿತ್ತಲಲ್ಲಿ ಅರ್ಥ್ ಪೈಪ್ ಇತ್ತಂತೆ. ಟೈಲ್ಸ್ ಹಾಕಿಸುವಾಗ ಅಡ್ಡ ಬಂತು ಅಂತ ಕತ್ತರಿಸಿ ಮೇಲೆ ಸಿಮೆಂಟ್ ಬಳಿದುಬಿಟ್ಟರಂತೆ!

ಉತ್ತರ: ಸಿಕ್ತಲ್ಲ! ಟೈಲ್ಸ್ ಒಡೆಯೋದು ಬೇಡ, ತೆಂಗಿನ ಬುಡವೋ ಪಾತ್ರೆ ತೊಳೆಯೋ ಜಾಗವೋ ತೇವ ಇರೋ ಕಡೆ ಹೊಸ ಗುಂಡಿ ತೋಡಿಸಿ. ಲೈಸೆನ್ಸ್ ಇರೋರಿಂದ ಮಾಡಿಸಿ, ಕೆಲಸ ಮುಗಿದ ಮೇಲೆ ಅರ್ಥ್ ಮೀಟರ್ ಹಿಡಿದು ಎಷ್ಟು ಓಮ್ ಇದೆ ತೋರಿಸಿ ಅಂತ ಕೇಳಿ. ಟೆಸ್ಟರ್ ಮುಟ್ಟಿಸಿ "ಸರಿ ಇದೆ ಅಮ್ಮ" ಅಂದರೆ ದುಡ್ಡು ಕೊಡಬೇಡಿ.