ಉಪ್ಪು ಬೆರೆಸಿದ ನೀರು ಬೆಳ್ಳಗೇ ಉಳಿಯುತ್ತಿದೆ, ಏಕೆ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಮಾನ್ಯರೇ, ನಮ್ಮ ಮನೆಯ 100 ಲೀಟರಿನ ಕಡಲಮೀನಿನ ತೊಟ್ಟಿಯಲ್ಲಿ ವಾರಕ್ಕೊಮ್ಮೆ 10 ಲೀಟರ್ ನೀರು ಬದಲಿಸುತ್ತೇನೆ. ಕಳೆದ ಎರಡು ಬಾರಿ ಬಕೆಟ್ಟಿಗೆ ಮೊದಲು ಅಕ್ವೇರಿಯಂ ಉಪ್ಪು (ಕಡಲನೀರಿನ ಲವಣಗಳ ಮಿಶ್ರಣ) ಸುರಿದು, ಅದರ ಮೇಲೆ ಬೋರ್‌ವೆಲ್ ನೀರು ಬಿಟ್ಟಾಗ ಅದು ಅಕ್ಕಿ ತೊಳೆದ ನೀರಿನಂತಾಗಿ, ಮರುದಿನವೂ ತಿಳಿಯಾಗದೆ, ತಳದಲ್ಲಿ ಸುಣ್ಣದಂತಹ ಪುಡಿ ನಿಂತಿತು. ಉಪ್ಪು ಕೆಟ್ಟಿರಬಹುದೇ?

ಉತ್ತರ 1:
ಉಪ್ಪಿನ ಮೇಲೆ ಅನುಮಾನ ಬೇಡ, ಬೆರೆಸಿದ ಕ್ರಮವೇ ತಿರುಗುಮುರುಗಾಗಿದೆ. ಉಪ್ಪಿನ ರಾಶಿಯ ಮೇಲೆ ಸ್ವಲ್ಪವೇ ನೀರು ಬಿದ್ದಾಗ ಅಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರಾಂಶ (ಕಾರ್ಬೋನೇಟ್ ಅಂಶ) ವಿಪರೀತ ಸಾಂದ್ರವಾಗಿ, ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಬೇರ್ಪಡುತ್ತದೆ. ಗಡಸು ನೀರಾದರೆ ಇನ್ನೂ ಬೇಗ. ಆ ಪುಡಿ ಮತ್ತೆ ಕರಗುವುದಿಲ್ಲವಾದ್ದರಿಂದ ಆ ನೀರನ್ನು ಚೆಲ್ಲಿಬಿಡಿ. ಮೊದಲು ಆರ್‌ಓ ನೀರು ತುಂಬಿ, ಸಣ್ಣ ಪಂಪ್ ಓಡುತ್ತಿರುವಾಗಲೇ ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಉಪ್ಪನ್ನು ಹಿಡಿಹಿಡಿಯಾಗಿ ಉದುರಿಸಿ. ಪೂರ್ತಿ ಕರಗಿದ ಮೇಲೆ, 25 ಡಿಗ್ರಿ ಉಷ್ಣತೆಯಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.025ರ ಆಸುಪಾಸಿನಲ್ಲಿದೆಯೇ ಎಂದು ಅಳೆದು ನೋಡಿ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಅಡುಗೆಮನೆಯ ಆರ್‌ಓ ಯಂತ್ರಗಳು ಅನೇಕವು ರುಚಿಗಾಗಿ ಸ್ವಲ್ಪ ಶುದ್ಧೀಕರಿಸದ ನೀರನ್ನೂ ಬೆರೆಸುತ್ತವೆ. ನಮ್ಮಲ್ಲಿ ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ 60 ತೋರಿಸುತ್ತಿತ್ತು, ಗಾಜಿಗೆ ಕಂದು ಪಾಚಿ ಹತ್ತುತ್ತಿತ್ತು; ಆ ಬೆರಕೆಯ ತಿರುಪನ್ನು ಮುಚ್ಚಿ, ಮುಂದೆ ಡಿಐ ರೆಸಿನ್ (ಉಳಿದ ಲವಣಾಂಶವನ್ನೂ ಹಿಡಿದಿಡುವ ಹರಳುಗಳು) ಜೋಡಿಸಿದ ಮೇಲೆ ಮೀಟರ್ ಸೊನ್ನೆಗಿಳಿಯಿತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆವಿಯಾಗಿ ಕಡಿಮೆಯಾದ ನೀರಿಗೂ ಉಪ್ಪುನೀರನ್ನೇ ಸೇರಿಸಬೇಕೇ?

ಉತ್ತರ 1:
ಬೇಡ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ; ಬರಿಯ ಆರ್‌ಓ ನೀರನ್ನೇ ತುಂಬಿಸಿ.