ರಾತ್ರಿ ಬರುವ ಗುಂಯ್ ಸದ್ದು: ಶನಿವಾರ ಸಂಜೆ ಪರೀಕ್ಷೆ ಮಾಡೋಣ, ದಯವಿಟ್ಟು ಓದಿ

ಮನೆ 203: ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ರಾತ್ರಿ ಹತ್ತರ ಮೇಲೆ ನಮ್ಮ ಮಲಗುವ ಕೋಣೆಯಲ್ಲಿ ಗುಂಯ್ ಅಂತ ಸದ್ದು ಬರುತ್ತಿದೆ. ನೀರಿನ ಪಂಪ್ ಇರಬೇಕು ಅಂದುಕೊಂಡೆ, ಆದರೆ ಪಂಪ್ ನಿಂತಾಗಲೂ ಬರುತ್ತದೆ. ಏರುತ್ತದೆ, ಇಳಿಯುತ್ತದೆ, ನಡುನಡುವೆ ಧಡ್ ಅನ್ನುತ್ತದೆ. ಕಪಾಟಿನ ಗಾಜು ನಡುಗುತ್ತದೆ. ಮಗು ಎರಡು ಸಲ ಎದ್ದು ಅತ್ತಿತು. ಬೇರೆ ಯಾರಿಗಾದರೂ ಕೇಳಿಸುತ್ತಿದೆಯಾ?

ಮನೆ 204: ನಮಗೂ ಇದೆ ಮೇಡಂ. ಕಿವಿಗಿಂತ ಮೈಗೇ ಜಾಸ್ತಿ ಗೊತ್ತಾಗುತ್ತದೆ. ಗೋಡೆಗೆ ಕೈ ಇಟ್ಟರೆ ಅದುರುತ್ತದೆ.

ಮನೆ 103: ನಮ್ಮಲ್ಲಿ ಏನೂ ಇಲ್ಲ.

ಮನೆ 303: ಇದು ನಮ್ಮ ಮನೆಯಿಂದಲೇ ಬರುತ್ತಿರಬೇಕು. ತುಂಬಾ ಕ್ಷಮಿಸಿ ಮೇಡಂ, ಮಗು ಎದ್ದಿದ್ದು ಓದಿ ಬೇಜಾರಾಯಿತು. ನಾನು ಕಾರ್ ರೇಸಿಂಗ್ ಸಿಮ್ ರಿಗ್ ಇಟ್ಟುಕೊಂಡಿದ್ದೇನೆ, ಅಂದರೆ ಕಂಪ್ಯೂಟರ್ ರೇಸ್ ಆಟಕ್ಕೆ ಸೀಟು, ಸ್ಟೀರಿಂಗ್, ಪೆಡಲ್ ಜೋಡಿಸಿದ ಚೌಕಟ್ಟು. ಹೆಡ್‌ಫೋನ್ ಹಾಕಿಕೊಂಡೇ ಆಡುವುದು, ಹಾಗಾಗಿ ಹೊರಗೆ ಸದ್ದೇ ಹೋಗುವುದಿಲ್ಲ ಅಂದುಕೊಂಡಿದ್ದೆ. ಆದರೆ ಸೀಟಿನ ಕೆಳಗೆ ಎರಡು, ಪೆಡಲ್ ಹಿಂದೆ ಒಂದು ಬಾಸ್ ಶೇಕರ್ ಇವೆ. ಸ್ಪೀಕರ್ ಥರಾನೇ, ಆದರೆ ಕೋನ್ ಇರುವುದಿಲ್ಲ. ಒಳಗಿನ ತೂಕ ಅಲ್ಲಾಡಿ ಇಡೀ ಚೌಕಟ್ಟನ್ನು ಅದುರಿಸುತ್ತದೆ. ಎಂಜಿನ್, ಗೇರ್, ರಸ್ತೆಯ ಉಬ್ಬು ಎಲ್ಲವೂ ಮೈಗೆ ತಾಗಲಿ ಅಂತ. ಕೆಳಗೆ ತೆಳು ರಬ್ಬರ್ ಮ್ಯಾಟ್ ಹಾಕಿದ್ದೆ, ಅದು ಸಾಲಲಿಲ್ಲ ಅಂತ ಈಗ ಗೊತ್ತಾಯಿತು. ಇವತ್ತು ಆಫ್ ಮಾಡಿದ್ದೇನೆ.

ಮನೆ 402: ಒಪ್ಪಿಕೊಂಡಿದ್ದು ಒಳ್ಳೆಯದಾಯಿತು. ಗೋಡೆಗೆ ಫೋಮ್ ಅಂಟಿಸಿದರೆ ಆಗುವುದಿಲ್ಲವಾ? ಇಲ್ಲದಿದ್ದರೆ ಹತ್ತರ ಮೇಲೆ ಇಂಥದ್ದೆಲ್ಲ ಬೇಡ ಅಂತ ನಿಯಮವೇ ಮಾಡಿಬಿಡೋಣ.

ಮನೆ 104: ಫೋಮ್‌ನಿಂದ ಏನೂ ಆಗುವುದಿಲ್ಲ ಸರ್, ಸುಮ್ನೆ ದುಡ್ಡು ದಂಡ. ನಾನು ಬಹಳ ವರ್ಷ ಸ್ಟೇಜ್ ಸೌಂಡ್ ಕೆಲಸ ಮಾಡಿದವನು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫೋಮ್ ತಡೆಯುವುದು ಕೋಣೆಯೊಳಗಿನ ಕೀಚು ಸದ್ದನ್ನು. ಇದು ಗಾಳಿಯಲ್ಲಿ ಬರುತ್ತಿಲ್ಲ. ರಿಗ್‌ನ ಕಾಲಿನಿಂದ ನೆಲಕ್ಕೆ, ನೆಲದಿಂದ ಕೆಳಗಿನ ಮನೆಗೆ. 303ರ ನೆಲವೇ 203ರ ಸೂರು, ಅಲ್ವಾ? ಆ ಸ್ಲ್ಯಾಬೇ ದೊಡ್ಡ ಸ್ಪೀಕರ್ ಆಗಿಬಿಟ್ಟಿದೆ. ಅದಕ್ಕೇ ಮೇಲಿನವರಿಗೆ ಏನೂ ಕೇಳಿಸುವುದಿಲ್ಲ, ಕೆಳಗಿನವರಿಗೆ ನಿದ್ದೆ ಇಲ್ಲ.

ಪೂರ್ತಿ ನಿಲ್ಲಿಸುವುದು ಸುಲಭ. ಆದರೆ ನಾಳೆ ಹೋಮ್ ಥಿಯೇಟರ್ ಸಬ್‌ವೂಫರ್ ಇಟ್ಟವರಿಗೂ ಇದೇ ಮಾತು ಬರುತ್ತದೆ. ಮೊದಲು ಅಳೆದು ನೋಡೋಣ. 303 ಸರ್, ಶೇಕರ್‌ಗೆ ಸಿಗ್ನಲ್ ಹೇಗೆ ಹೋಗುತ್ತಿದೆ?

ಮನೆ 303: ಕಂಪ್ಯೂಟರ್‌ನಲ್ಲಿ ಸಿಮ್‌ಹಬ್ ಸಾಫ್ಟ್‌ವೇರ್ (ಆಟದಲ್ಲಿ ಆಗುವುದನ್ನು ಶೇಕರ್ ಸಿಗ್ನಲ್ ಮಾಡುವುದು ಅದೇ), ಅದರಿಂದ 7.1 ಯುಎಸ್‌ಬಿ ಸೌಂಡ್ ಕಾರ್ಡ್, ಅಲ್ಲಿಂದ ನೇರ ಆಂಪ್ಲಿಫೈಯರ್. ಜೋರು ಕಡಿಮೆ ಮಾಡಬೇಕೆಂದರೆ ಆಟ ನಿಲ್ಲಿಸಿ ಸಾಫ್ಟ್‌ವೇರ್ ಒಳಗೆ ಹುಡುಕಬೇಕು. ನಿಜ ಹೇಳಬೇಕೆಂದರೆ ಅದಕ್ಕೇ ಒಂದು ಸಲವೂ ಕಡಿಮೆ ಮಾಡಲಿಲ್ಲ.

ಮನೆ 104: ಹಾಗಾದರೆ ನಡುವೆ ಒಂದು ಸೌಂಡ್ ಮಿಕ್ಸರ್ ಬೇಕು. ನನ್ನ ಹಳೆಯದು ಇದೆ, ಕೊಡುತ್ತೇನೆ. ಸೌಂಡ್ ಕಾರ್ಡ್‌ನಿಂದ 8 ಚಾನಲ್ ಹೊರಗೆ ಬರುತ್ತವೆ. ಸಿಮ್‌ಹಬ್‌ನಲ್ಲಿ ಎಂಜಿನ್ ಒಂದು ಚಾನಲ್‌ಗೆ, ರಸ್ತೆ ಇನ್ನೊಂದಕ್ಕೆ, ಗೇರ್ ಮತ್ತು ಚಕ್ರ ಲಾಕ್ ಆಗುವುದು ಮೂರನೆಯದಕ್ಕೆ ಅಂತ ಬಿಡಿಸಿ. ಮಿಕ್ಸರ್‌ನಲ್ಲಿ ಪ್ರತಿಯೊಂದಕ್ಕೂ ಒಂದೊಂದು ಫೇಡರ್, ಅಂದರೆ ಜೋರು ಏರಿಸಿ ಇಳಿಸುವ ಹಿಡಿ, ಸಿಗುತ್ತದೆ. ಪ್ಯಾನ್ ಅನ್ನುವ ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಸೀಟಿಗೆ, ಬಲಕ್ಕೆ ತಿರುಗಿಸಿದರೆ ಪೆಡಲ್‌ಗೆ. ಎಲ್ಲವೂ ಸೇರಿ ಮೇನ್ ಔಟ್‌ನಿಂದ ಆಂಪ್‌ಗೆ ಹೋಗುತ್ತದೆ. ಮಿಕ್ಸರ್‌ನಿಂದ ನೇರವಾಗಿ ಶೇಕರ್‌ಗೆ ಕೊಡಬೇಡಿ, ಅದಕ್ಕೆ ಅಷ್ಟು ಶಕ್ತಿ ಇರುವುದಿಲ್ಲ.

ಕೆಳಗಿನವರ ನಿದ್ದೆ ಕೆಡಿಸುವುದು ಎಂಜಿನ್ ಫೇಡರ್. ಗೇರ್ ಬಡಿತ ಕ್ಷಣದಲ್ಲಿ ಮುಗಿಯುತ್ತದೆ. ಎಂಜಿನ್ ಒಂದು ಗಂಟೆ ಬಿಡದೆ ಗುಂಯ್‌ಗುಡುತ್ತದೆ. 4 ಸಿಲಿಂಡರ್ ಎಂಜಿನ್ 900 ಆರ್‌ಪಿಎಂನಲ್ಲಿ ಸುಮ್ನೆ ನಿಂತಿದ್ದರೂ ಸೆಕೆಂಡಿಗೆ 30 ಸಲ ಉರಿಯುತ್ತದೆ, ಅಂದರೆ 30 ಹರ್ಟ್ಸ್. ಅಷ್ಟು ಕೆಳಗಿನ ಅದುರುವಿಕೆಯನ್ನು ತೆಳು ಮ್ಯಾಟ್ ತಡೆಯುವುದಿಲ್ಲ.

ಮನೆ 402: ಮಿಕ್ಸರ್‌ನಲ್ಲಿ ಲೋ ಕಟ್ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದರೆ ಮುಗಿಯಿತಲ್ಲವಾ?

ಮನೆ 104: ಒಳ್ಳೆಯ ಪ್ರಶ್ನೆ ಸರ್. ಅದು ಸಾಮಾನ್ಯವಾಗಿ 75ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತದೆ. ಶೇಕರ್ ಕೆಲಸ ಮಾಡುವುದೇ ಅದರ ಕೆಳಗೆ. ಎಲ್ಲ ಚಾನಲ್‌ಗೂ ಒತ್ತಿದರೆ ರಿಗ್ ಸತ್ತ ಹಾಗೆ. ಆದರೆ ರಾತ್ರಿ ಎಂಜಿನ್ ಚಾನಲ್ ಒಂದಕ್ಕೆ ಮಾತ್ರ ಒತ್ತಬಹುದು. ಆಗ ಮೇಲಿನ ಸಣ್ಣ ಜುಂ ಉಳಿಯುತ್ತದೆ. ಅದು ಸೀಟಿನಲ್ಲಿ ಗೊತ್ತಾಗುತ್ತದೆ, ಮೆತ್ತನೆಯ ಆಧಾರ ಇದ್ದರೆ ನೆಲಕ್ಕೆ ಇಳಿಯುವುದು ಬಹಳ ಕಡಿಮೆ. ಸಣ್ಣ ಮಿಕ್ಸರ್‌ಗಳಲ್ಲಿ ಈ ಗುಂಡಿ ಮೈಕ್ ಚಾನಲ್‌ಗಳಿಗಷ್ಟೇ ಇರುತ್ತದೆ, ಸ್ಟೀರಿಯೋ ಚಾನಲ್‌ಗೆ ಇರುವುದಿಲ್ಲ. ಎಂಜಿನ್ ಅನ್ನು ಅಂಥ ಚಾನಲ್‌ನ ಲೈನ್ ಇನ್‌ಪುಟ್‌ಗೇ ಚುಚ್ಚಿ.

ಶನಿವಾರ ಸಂಜೆ 6ಕ್ಕೆ ಪರೀಕ್ಷೆ. 203 ಮತ್ತು 204 ಅವರು ಅವರವರ ಮನೆಯಲ್ಲೇ ಇರಬೇಕು, ಫೋನ್ ಕೈಯಲ್ಲಿರಲಿ. ನಾನು ಮೇಲೆ ಇರುತ್ತೇನೆ. 20ರಿಂದ 80 ಹರ್ಟ್ಸ್‌ವರೆಗೆ ಒಂದೇ ಜೋರಿನಲ್ಲಿ ನಿಧಾನವಾಗಿ ಟೋನ್ ಏರಿಸುತ್ತೇವೆ. ಎಲ್ಲಿ ಅದುರಿತು ಅಂತ ನೀವು ಹೇಳಿ.

ಮನೆ 203: ಖಂಡಿತ ಇರುತ್ತೇನೆ. ನಿಲ್ಲಿಸಿ ಅನ್ನುವುದು ನನಗೂ ಇಷ್ಟವಿಲ್ಲ. ನಿದ್ದೆ ಬಂದರೆ ಸಾಕು.

ಮನೆ 204: ನಾನೂ ಇರುತ್ತೇನೆ.

ಮನೆ 104 (ಶನಿವಾರ ರಾತ್ರಿ): ಬರಲಾಗದವರಿಗಾಗಿ ಬರೆಯುತ್ತಿದ್ದೇನೆ. 30 ಹರ್ಟ್ಸ್‌ವರೆಗೆ ಎರಡೂ ಮನೆಯಲ್ಲಿ ಏನೂ ಇಲ್ಲ. 34ಕ್ಕೆ 204ರಲ್ಲಿ ಗೋಡೆ ಅದುರಿತು. 38ಕ್ಕೆ 203ರ ಕಪಾಟಿನ ಗಾಜು ಕಿಣಿಕಿಣಿ ಅಂದಿತು, ಮೇಡಂ ಫೋನ್‌ನಲ್ಲೇ ಕೇಳಿಸಿದರು. 45 ದಾಟಿದ ಮೇಲೆ ಹೆಚ್ಚುಕಡಿಮೆ ಶಾಂತ. ಅಂದರೆ ಇಡೀ ತೊಂದರೆ ಸುಮಾರು 10 ಹರ್ಟ್ಸ್ ಜಾಗದಲ್ಲಿದೆ. ಸಣ್ಣ ಮಿಕ್ಸರ್‌ನಲ್ಲಿ ಬಾಸ್ ಏರಿಸಿ ಇಳಿಸುವ ಲೋ ಗುಂಡಿಯಿಂದ ಅಷ್ಟು ಕಿರಿದಾಗಿ ಕತ್ತರಿಸಲು ಆಗುವುದಿಲ್ಲ, ಅದು ಕೆಳಗಿನದನ್ನೆಲ್ಲ ಒಟ್ಟಿಗೆ ಇಳಿಸುತ್ತದೆ. ಅದಕ್ಕೆ ಕಂಪ್ಯೂಟರ್‌ನಲ್ಲಿ ಈಕ್ವಲೈಸರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ 37 ಹರ್ಟ್ಸ್ ಸುತ್ತ ಮಾತ್ರ ಜೋರು ಇಳಿಸಿದೆವು.

ಆಮೇಲೆ ಮಿಕ್ಸರ್ ಮೇನ್ ಫೇಡರ್ ಪೂರ್ತಿ ಮೇಲಿಟ್ಟು, ಆಂಪ್‌ನ ಗುಂಡಿಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿದೆವು. 203 ಅವರು "ಈಗ ಗೊತ್ತಾಯಿತು" ಅಂದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ ಟೇಪ್ ಹಚ್ಚಿದೆವು. ಇನ್ನು ಆಟದ ಬಿಸಿಯಲ್ಲಿ ಮೇನ್ ಫೇಡರ್ ಎಷ್ಟು ಏರಿಸಿದರೂ ಈ ಮಿತಿ ದಾಟದು, ಚಾನಲ್ ಫೇಡರ್‌ಗಳನ್ನು ಮಾತ್ರ ಇದ್ದಲ್ಲೇ ಬಿಡಬೇಕು. ಮೇನ್ ಫೇಡರ್‌ಗೂ 6 ಡೆಸಿಬೆಲ್ ಕೆಳಗೆ ರಾತ್ರಿಯ ಗುರುತು ಹಾಕಿದ್ದೇವೆ, ಅಲ್ಲಿ ಅದುರುವಿಕೆ ಅರ್ಧ.

ಮನೆ 303: ಒಂದು ಮಾತು ಸೇರಿಸುತ್ತೇನೆ. ಆಟ ಕೆಡುತ್ತದೆ ಅಂತ ಹೆದರಿದ್ದೆ. ಕೆಡಲಿಲ್ಲ. ಎಂಜಿನ್ ಇಳಿಸಿದ ಮೇಲೆ ಹಿಂದಿನ ಚಕ್ರ ಜಾರುವುದು ಮೊದಲ ಸಲ ಸ್ಪಷ್ಟವಾಗಿ ಗೊತ್ತಾಯಿತು. ಇಷ್ಟು ದಿನ ಎಂಜಿನ್ ಅದನ್ನು ಮುಚ್ಚಿಹಾಕುತ್ತಿತ್ತು.

ಮನೆ 203 (ಮಂಗಳವಾರ): ನಿನ್ನೆ ರಾತ್ರಿ ಗುಂಯ್ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೆ ಧಡ್ ಮಾತ್ರ ಆಗಾಗ ಬಂತು.

ಮನೆ 104: ಅದು ಬ್ರೇಕ್ ತುಳಿಯುವುದು ಮೇಡಂ. ಕಾಲಿನ ಏಟು ಮಿಕ್ಸರ್ ಮೂಲಕ ಹೋಗುವುದೇ ಇಲ್ಲ, ಹಾಗಾಗಿ ಯಾವ ಫೇಡರ್‌ಗೂ ಸಿಗದು. ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಚೆಂಡು ಕೂರಿಸಿ ಅದರ ಮೇಲೆ ರಿಗ್ ಇಡಬೇಕು. ಮನೆಯಲ್ಲಿ ಡ್ರಮ್ಸ್ ಬಾರಿಸುವವರು ಹೀಗೇ ಮಾಡುತ್ತಾರೆ. ಆಧಾರ ಗಟ್ಟಿಯಿದ್ದರೆ ಅದೇ ಕುಣಿದು ಇನ್ನೂ ಜಾಸ್ತಿ ಆಗುತ್ತದೆ, ಮೆತ್ತಗಿರಬೇಕು. ಭಾನುವಾರ ಬೆಳಗ್ಗೆ ರಿಗ್ ಎತ್ತಲು ನಾಲ್ಕು ಜನ ಬೇಕು.

ಮನೆ 402: ನಾನು ಬರುತ್ತೇನೆ. ಡ್ರಿಲ್ ತರುತ್ತೇನೆ.

ಮನೆ 501: ನಾನೂ ಬರುತ್ತೇನೆ. ನಮ್ಮ ಮಗನೂ ಇಂಥದ್ದೇ ರಿಗ್ ಕೂಡಿಸುತ್ತಿದ್ದಾನೆ, ಶೇಕರ್ ಇನ್ನೂ ಹಾಕಿಲ್ಲ. 401 ಸರ್, ಹಾಕುವ ಮೊದಲು ನಿಮ್ಮ ಮನೆಯಲ್ಲಿ ಟೋನ್ ಪರೀಕ್ಷೆ ಮಾಡಬೇಕು. ಭಾನುವಾರ ಮಧ್ಯಾಹ್ನ ಬಿಡುವಿದೆಯಾ?